ಮೂರು

ಕುಶಿರೊ ಬಂದರಿನ ಪುಟ್ಟ ಠಾಣೆ. ಹೊರಗೆ ಮಂಜು.
ಹತನಾಕಾ ಫಾರಂ ತುಂಬುತ್ತಿದ್ದಾನೆ.
ನಿದ್ದೆ ಹೇಗಿದೆ? ಒಂದರಿಂದ ಐದು.
ಮೂರು, ಎಂದು ಗೀಚುತ್ತಾನೆ. ಹೋದ ವರ್ಷವೂ ಮೂರೇ.

ಮೊನ್ನೆ ನೀರಿನಿಂದ ಎತ್ತಿದ ಹುಡುಗಿಯ ಕಾಲಲ್ಲಿ
ಒಂದೇ ಶೂ.
ಅವಳ ತಾಯಿ ಅಳಲಿಲ್ಲ.
'ಇನ್ನೊಂದೆಲ್ಲಿ?' ಎಂದಳು.

ಅಂದಿನಿಂದ ಪಾಳಿ ಮುಗಿದರೂ ಮನೆಗೆ ಹೊರಡದೆ
ಕಳೆದುಹೋದವುಗಳ ಕಪಾಟು ತೆರೆದು ಕೂರುತ್ತಾನೆ:
ಕಡ್ಡಿ ಮುರಿದ ಕೊಡೆ, ಎಡಗೈಯ ಗವಸು,
ಯಾರದೋ ಹಲ್ಲಿನ ಸೆಟ್ಟು.
ಒರೆಸಿ, ಚೀಟಿ ಕಟ್ಟಿ, ಮತ್ತೆ ಒಳಗಿಡುತ್ತಾನೆ.

ಇವತ್ತು ಬೆಳಿಗ್ಗೆ ಮುದುಕಿಯೊಬ್ಬಳು ಬಂದು
'ಆ ಕೊಡೆ ನನ್ನದು' ಎಂದಳು.
ಸಹಿ ಹಾಕಿಸಿಕೊಂಡ. ತಲೆಬಾಗಿದ,
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.

ಹಲ್ಲಿನ ಸೆಟ್ಟಿಗೆ ಇನ್ನೂ ಯಾರೂ ಬಂದಿಲ್ಲ.