ಕಾಲರ್ ಮೈಕು

ಮೂಡಿಗೆರೆ ಹ್ಯಾಂಡ್‌ಪೋಸ್ಟಿನ ನನ್ನ ಸೌಂಡ್ಸ್ ಅಂಗಡಿಗೆ
ಇವತ್ತಿನ ಬಾಡಿಗೆ ಒಂದೂವರೆ ಸಾವಿರ,
ಅದರಲ್ಲೂ ಇನ್ನೂರು ಚೌಕಾಸಿ.

ಪ್ಲಾಂಟರುಗಳ ಸಭೆ. ಶಾಸಕರು
ನಲವತ್ತು ನಿಮಿಷ ಜೇನುಹುಳದ ಬಗ್ಗೆ ಮಾತಾಡಿದರು.
ಹುಳ ದುಡಿಯುತ್ತದೆ, ಕೂಲಿ ಕೇಳುವುದಿಲ್ಲ ಅಂದರು.
ಚಪ್ಪಾಳೆ. ಏಲಕ್ಕಿ ಹಾರ.
ಗೌರವಧನ ಅಂತ ಬರೆದ ದಪ್ಪ ಲಕೋಟೆ.

ಇಷ್ಟು ಮಾತಿಗೆ ಅಷ್ಟೊಂದೇ
ಎಂದು ಲೆಕ್ಕ ಹಾಕುತ್ತ ವೈರು ಸುತ್ತುತ್ತಿದ್ದೆ.

ಕಾಲರಿನ ಮೈಕು ಬಿಚ್ಚಲು ಮರೆತಿದ್ದರು.
ನನ್ನ ಹೆಡ್‌ಫೋನಿನೊಳಗೆ ಊಟದ ಹಾಲು:
ತಟ್ಟೆ, ಚಮಚ, ಹಾಲಪ್ಪಗೌಡರ ಕೆಮ್ಮು,
"ಆ ಗೋಮಾಳದ ಫೈಲು..."
ಸ್ವಲ್ಪ ಹೊತ್ತು ಬರೀ ಅಗಿಯುವ ಸದ್ದು.
ಆಮೇಲೆ,
"ಆಯ್ತು ಬಿಡಿ."

ನಲವತ್ತು ನಿಮಿಷ ಕೊಸರು.

ಮೈಕು ಬಿಚ್ಚಿ ಕೊಡುತ್ತ ಕೇಳಿದರು,
"ಎಲ್ಲಾರ್ಗೂ ಕೇಳಿಸ್ತೇನಪ್ಪ?"
"ನಂಗೆ ಕೇಳಿಸ್ತು, ಸಾರ್."