ಅರ್ಧ ಗಂಟೆ

'ಸಕ್ಕರೆ ಏರಿದೆ, ದಿನಾ ಅರ್ಧ ಗಂಟೆ ನಡೀರಿ.'
ಡಾಕ್ಟರು ಚಿಕ್ಕಮಗಳೂರಿಗೆ ಹೊಸಬರು,
ನಮ್ಮ ಬೀದಿ ನೋಡಿಲ್ಲ.

ಮೆಟ್ಟಿಲಿಳಿದೆ. ಹಸೀನಾಬಿ ಹೊಲಿಗೆ ಯಂತ್ರ ನಿಲ್ಲಿಸಿ
'ಎಷ್ಟಿದೆ ಸಕ್ಕರೆ?'
ಹೇಳಿ ಮುಗಿಸುವಷ್ಟರಲ್ಲಿ
ಎದುರು ಅಂಗಡಿಯಲ್ಲಿ ಒಂದು ಮೂಟೆ ಕಾಫಿ ಬೀಜ
ಹುರಿದೇ ಆಗಿತ್ತು.

ಪಾಯಪ್ಪ ಶೆಟ್ಟರ ಜಗಲಿ ದಾಟಿದರೆ ಅವರಿಗೆ ಕೋಪ.
ಕೂತರೆ, ಕೊಬ್ಬರಿ ಮಿಠಾಯಿ.

ಇಗರ್ಜಿಯಿಂದ ಬರುತ್ತಿದ್ದ ಲೋಬೋ ಮೇಷ್ಟ್ರು
ಕೊಡೆಯ ತುದಿಯಲ್ಲಿ ತಟ್ಟಿದರು
ಚರಂಡಿಗೆ ಮುಚ್ಚಿದ ಚಪ್ಪಡಿಯನ್ನು:
'ಇದು ಶಾಸನ. ಬರಹ ಕೆಳಗಿದೆ.'
'ಏನಂತ ಬರೆದಿದೆ?'
'ಮಗುಚಿದವರು ಯಾರು, ಓದಲಿಕ್ಕೆ?'
ಅಂದು, ಅದರ ಮೇಲೇ ದಾಟಿ ಹೋದರು.

ಮನೆಗೆ ಬಂದರೆ ಕೈಗಡಿಯಾರ
ಇನ್ನೂರ ಹನ್ನೆರಡು ಹೆಜ್ಜೆ ಅಂತು.
ನಾಚಿಕೆಯಾಯಿತು.
ಅದರಲ್ಲೊಂದು ಮಾತ್ರ
ಚಪ್ಪಲಿ ಕೈಯಲ್ಲಿ ಹಿಡಿದು
ಇಟ್ಟದ್ದು.