ಎರಡನೆಯ ಕರಡು

ಮೊದಲ ಸಾಲು ಹೊಡೆದುಹಾಕು, ಗಾವ್‌ನೂ.
'ಚಿಕ್ಕಂದಿನಿಂದಲೂ ನನಗೆ ಸೇವೆ ಮಾಡುವಾಸೆ'
ಈ ವಾರ ಇದನ್ನು ಓದುತ್ತಿರುವುದು ಹನ್ನೊಂದನೆಯ ಸಲ.
ಚಿಕ್ಕಂದಿನಲ್ಲಿ ಯಾರಿಗೂ ಸೇವೆಯ ಆಸೆ ಇರುವುದಿಲ್ಲ,
ಮಿಠಾಯಿಯ ಆಸೆ ಇರುತ್ತದೆ.

ಕೂತುಕೋ. ಕೋಟು ರೇಡಿಯೇಟರಿನ ಮೇಲೆ ಹರವು.
ಕಿಟಕಿಯಾಚೆ ಡುಲೂತ್ ಬಂದರು,
ಅದಿರಿನ ಹಡಗೊಂದು ಹೆಪ್ಪುಗಟ್ಟಿದ ಸರೋವರವನ್ನು
ಸೀಳಲಾರದೆ ನಿಂತು ಮೂರು ದಿನ.
ಅತ್ತ ನೋಡಬೇಡ, ಹಾಳೆ ನೋಡು.

ಇಪ್ಪತ್ತೆರಡು ವರ್ಷದಿಂದ ಇದೇ ಕೋಣೆ, ಇದೇ ಕೆಂಪು ಪೆನ್ಸಿಲು.
ಡಾಕ್ಟರಾಗುತ್ತೇವೆ, ನರ್ಸಾಗುತ್ತೇವೆ ಅನ್ನುವ ಮಕ್ಕಳಿಗೆ ದಾರಿ ಹೇಳುವ ಕೆಲಸ;
ನಾನೋ, ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎರಡು ಸಲ ಮಗುಚಿಕೊಂಡವಳು.
ಈಜು ಬಾರದವಳು ದಡದಲ್ಲಿ ನಿಂತು ಕೂಗುತ್ತೇನೆ:
ಎಡಕ್ಕೆ ಸುಳಿಯಿದೆ, ಬಲಕ್ಕೆ ಬಾ.
ಎಮೆಟ್‌ಗೆ ನೂರಕ್ಕೆ ತೊಂಬತ್ತೆಂಟು, ರಕ್ತ ಕಂಡರೆ ಧೊಪ್ಪನೆ ಬೀಳುತ್ತಾನೆ.
ಔಷಧಶಾಸ್ತ್ರ ಓದು ಎಂದೆ. ಅವನಮ್ಮ ಫೋನು ಮಾಡಿ ಬೈದಳು.

ನೀನು ಬರೆದೇ ಇಲ್ಲವಲ್ಲ, ಹೋದ ವಾರ ಬಾಗಿಲ ಬಳಿ
ಬೂಟಿನ ಲೇಸು ಕಟ್ಟುತ್ತ ಅಂದದ್ದು?
ಹನ್ನೊಂದು ವರ್ಷದವಳು, ಅಪ್ಪನ ಪಕ್ಕದ ಕುರ್ಚಿಯಲ್ಲಿ
ಕಾಲು ನೆಲಕ್ಕೆ ಎಟುಕದ ದುಭಾಷಿ.
ಡಾಕ್ಟರು ಅಂದರು: ಲಿವರಿನ ಮೇಲೆ ಒಂದು ಕರಿ ನೆರಳು.
ನಿಮ್ಮ ಮೋಂಗ್ ಮಾತಿನಲ್ಲಿ ದುಃಖವೂ ಪ್ರೀತಿಯೂ
ಮನೆಮಾಡಿರುವುದು ಎದೆಯಲ್ಲಲ್ಲ, ಲಿವರಿನಲ್ಲಿ.
ನೀನು ಇದ್ದದ್ದು ಇದ್ದಂತೆ ಹೇಳಿದೆ.
ಅಪ್ಪ ನಕ್ಕ: 'ಮೆಕಾಂಗ್ ನದಿ ದಾಟಿದಾಗಿನಿಂದ ಅಲ್ಲೇ ಇದೆ, ಮಗಳೇ.
ಅದಕ್ಕೆ ಔಷಧಿ ಇಲ್ಲ, ಬೇಕಾಗಿಯೂ ಇಲ್ಲ.'
ನೀನು ಡಾಕ್ಟರಿಗೆ ಹೇಳಿದೆ:
ಔಷಧಿ ಬೇಡವಂತೆ.

ಇದನ್ನು ಬರೆ, ಅಂದೆ ನಾನು.
ಪ್ರವೇಶ ಸಮಿತಿಯವರು ಓದಿ ಪೆನ್ನು ಕೆಳಗಿಡುತ್ತಾರೆ.

ನೀನು ತಲೆಯೆತ್ತಲಿಲ್ಲ.
'ಒಂದು ಸೀಟಿಗಾಗಿ ಅಪ್ಪನನ್ನು ಇನ್ನೊಂದು ಸಲ
ತಪ್ಪಾಗಿ ಅನುವಾದಿಸಲೇ, ಹೆಲ್ವಿ?'

ರೇಡಿಯೇಟರು ಮಾತ್ರ ಟಕಟಕ ಅಂದಿತು.
ಬಾಯಲ್ಲಿ ಸಿದ್ಧವಿದ್ದ ಬುದ್ಧಿಮಾತು,
ಶಿಫಾರಸು ಪತ್ರ ಮೂರು, ಸ್ವಯಂಸೇವೆ ಇಷ್ಟು ಗಂಟೆ,
ಸಂದರ್ಶನಕ್ಕೆ ಕಿರ್ರೆನ್ನದ ಬೂಟು,
ಎಲ್ಲ ಹಲ್ಲಿಗಂಟಿ ಕೂತವು.
ಎಷ್ಟು ಮಕ್ಕಳ ಗಾಯ ಕೆದಕಿ, ಐನೂರು ಪದಕ್ಕೆ ಕತ್ತರಿಸಿ
ಕೈಯಾರೆ ಲಕೋಟೆಗೆ ಹಾಕಿದ್ದೇನೆ?
ಲೆಕ್ಕ ಇಟ್ಟವರಿಲ್ಲ.

ಮಂಗಳವಾರ ನೀನು ತಂದ ಎರಡನೆಯ ಕರಡಿನಲ್ಲಿ
ಅಪ್ಪ ಇಲ್ಲ. ಸೇವೆ ಇಲ್ಲ.
ಬರೀ ವೃದ್ಧಾಶ್ರಮದ ರಾತ್ರಿಪಾಳಿ:
ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ
ಮಗ್ಗುಲು ತಿರುಗಿಸಬೇಕಾದ
ನಿವೃತ್ತ ರೈಲು ಚಾಲಕ, ಬೈಗುಳದಲ್ಲಿ ಪಂಡಿತ.
'ನಿನ್ನ ಕೈ ಹೆಣದ ಕೈ' ಎಂದು ಕಿರುಚಿದನಂತೆ.
ಅಂದಿನಿಂದ ಒಳಹೋಗುವ ಮುನ್ನ ನೀನು
ಬಿಸಿನೀರ ನಲ್ಲಿಯ ಕೆಳಗೆ ಕೈಯೊಡ್ಡಿ
ಇಪ್ಪತ್ತು ಎಣಿಸುತ್ತೀ. ಮೋಂಗ್‌ನಲ್ಲಿ.
ಅಲ್ಲಿಗೇ ನಿಲ್ಲಿಸಿದ್ದೀ.

ಕೆಂಪು ಪೆನ್ಸಿಲು ಒಂದು ಅಲ್ಪವಿರಾಮ ಹುಡುಕಿ ತಿದ್ದಿತು,
ಸುಮ್ಮನಿರಲಾರದ ಚಟ.

ಏಳು ಕಡೆ ಕಳಿಸಿದೆವು. ನಾಲ್ಕರಿಂದ ಇಲ್ಲವೆಂದು ಬಂದಿದೆ,
ಎರಡರದ್ದು ಸದ್ದಿಲ್ಲ;
ಫಾರ್ಗೋದವರು ಮೇ ತಿಂಗಳಲ್ಲಿ ತಿಳಿಸುತ್ತಾರಂತೆ.
ಹಡಗು ಯಾವಾಗಲೋ ಹೊರಟುಹೋಗಿತ್ತು,
ನಾನು ನೋಡಲಿಲ್ಲ.

ಬಾಗಿಲು ಬಡಿದ ಸದ್ದು. ಹೊಸ ಹುಡುಗ, ಕೈಯಲ್ಲಿ ಹಾಳೆ,
'ಚಿಕ್ಕಂದಿನಿಂದಲೂ' ಎಂದು ಶುರು.
ಪೆನ್ಸಿಲು ಪಕ್ಕಕ್ಕಿಟ್ಟು
ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೆ,
ಕೂತುಕೋ ಅನ್ನುವ ಮುಂಚೆ.